ಸಂದಿನ ಕಾವಲು: ಅನುಲೇಪಕ ಅಂಗಾಂಶ ಮತ್ತು ಕೊಡಗಿನ ಮಳೆಗಾಲ

ಚರ್ಮ, ಬಾಯಿ, ಶ್ವಾಸನಾಳ, ಕರುಳು, ಮೂತ್ರಪಿಂಡದ ನಳಿಕೆಗಳು – ದೇಹ ಹೊರಜಗತ್ತನ್ನು ಮುಟ್ಟುವ ಎಲ್ಲ ಕಡೆಯೂ ಜೀವಕೋಶಗಳು ಒತ್ತೊತ್ತಾಗಿ ಸೇರಿ ಹಾಳೆಗಳಾಗಿ ಹರಡಿಕೊಂಡಿರುತ್ತವೆ. ಪಠ್ಯಪುಸ್ತಕಗಳು ಇದನ್ನು ಅನುಲೇಪಕ ಅಂಗಾಂಶ ಎನ್ನುತ್ತವೆ. ವಯಸ್ಕರ ಚರ್ಮದ ವಿಸ್ತೀರ್ಣ ಸುಮಾರು 2 ಚದರ ಮೀಟರ್. ಜೀರ್ಣನಾಳದ ಒಳಮೈ, ಅದರ ಮಡಿಕೆಗಳನ್ನೂ ಎಳೆಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ, 30 ಚದರ ಮೀಟರಿಗೆ ಬರುತ್ತದೆ. ಇಷ್ಟು ದೊಡ್ಡ ಹರವಿನಲ್ಲಿ ನೀರು, ಲವಣ, ರೋಗಾಣು, ವಿಷ ಇವುಗಳಲ್ಲಿ ಯಾವುದು ಒಳಗೆ ಬರಬೇಕು, ಯಾವುದು ಹೊರಗೇ ಉಳಿಯಬೇಕು ಎಂಬುದು ಪ್ರತಿ ಕ್ಷಣವೂ ತೀರ್ಮಾನವಾಗುತ್ತಿರಬೇಕು.

ಜೀವಕೋಶದ ಪೊರೆ ಕೊಬ್ಬಿನದು. ನೀರಿನಲ್ಲಿ ಕರಗಿದ ಲವಣಗಳು ತಾವಾಗಿ ಅದನ್ನು ದಾಟಲಾರವು. ಪೊರೆಯಲ್ಲಿರುವ ಪ್ರೋಟೀನುಗಳು ಬೇಕಾದದ್ದನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತವೆ. ತೊಂದರೆ ಇರುವುದು ಒಂದು ಕೋಶಕ್ಕೂ ಪಕ್ಕದ ಕೋಶಕ್ಕೂ ನಡುವಿನ ಸಂದಿನಲ್ಲಿ. ಅದನ್ನು ಹಾಗೆಯೇ ಬಿಟ್ಟರೆ ಕೋಶಗಳು ಎಷ್ಟೇ ಗಟ್ಟಿಯಾಗಿದ್ದರೂ ಹಾಳೆ ಸೋರುತ್ತದೆ. ಆದ್ದರಿಂದ ತಡೆಗೋಡೆಯ ಪ್ರಶ್ನೆ ಎಂದರೆ ಬಹುಮಟ್ಟಿಗೆ ಸಂದಿನ ಪ್ರಶ್ನೆ. ಆ ಸಂದನ್ನು ಹಿಡಿದಿಡುವ ಬಂಧಗಳಿಗೆ ಸಂಧಿಗಳು ಎಂದು ಹೆಸರು. ಅವು ಒಂದೇ ಬಗೆಯವಲ್ಲ. ಒಂದೊಂದಕ್ಕೂ ಬೇರೆ ಕಟ್ಟಡ, ಬೇರೆ ಕೆಲಸ, ಬೇರೆ ಶತ್ರು.

ಈ ಶತ್ರುಗಳನ್ನು ಒಟ್ಟಿಗೆ ನೋಡಲು ಕೊಡಗು ತಕ್ಕ ಜಾಗ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ; ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಆಗ ಗದ್ದೆಯಲ್ಲಿ ನಾಟಿ, ತೋಟದಲ್ಲಿ ಜಿಗಣೆ, ಮನೆಯೊಳಗೆ ಬೂಷ್ಟು, ಆಸ್ಪತ್ರೆಯಲ್ಲಿ ಇಲಿ ಜ್ವರ ಮತ್ತು ಹಾವು ಕಡಿತ. ಮೇಲುನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಈ ತೊಂದರೆಗಳೆಲ್ಲ ಅನುಲೇಪಕ ಅಂಗಾಂಶದ ಯಾವುದೋ ಒಂದು ಸಂಧಿಯನ್ನು ಅಥವಾ ಪದರವನ್ನು ಗುರಿಯಾಗಿಸುತ್ತವೆ.

ಸಂಧಿಗಳು ಕಣ್ಣಿಗೆ ಬಿದ್ದ ಕತೆ ಹಳೆಯದು. ಇಟಲಿಯ ಜೂಲಿಯೊ ಬಿಟ್ಸೊಟ್ಸೆರೊ 1864ರಲ್ಲಿಯೇ ಚರ್ಮದ ಕೋಶಗಳು ಪರಸ್ಪರ ಮುಟ್ಟುವಲ್ಲಿ ಗಂಟುಗಳಂಥವನ್ನು ಗುರುತಿಸಿದ್ದ. ಬೆಳಕಿನ ಸೂಕ್ಷ್ಮದರ್ಶಕಕ್ಕೆ ಅದಕ್ಕಿಂತ ಹೆಚ್ಚು ಕಾಣುವಂತಿರಲಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ, 1963ರಲ್ಲಿ, ಮೆರಿಲಿನ್ ಫಾರ್ಕರ್ ಮತ್ತು ಜಾರ್ಜ್ ಪಲಾಡೆ ಇಲಿ, ಗಿನಿಯಿಲಿಗಳ ಹಲವು ಅಂಗಗಳನ್ನು ಪರೀಕ್ಷಿಸಿ, ಎಲ್ಲ ಕಡೆಯೂ ಒಂದೇ ಕ್ರಮವಿರುವುದನ್ನು ತೋರಿಸಿದರು. ಎಲ್ಲಕ್ಕಿಂತ ಮೇಲೆ, ಹೊರಮೈಗೆ ತೀರ ಹತ್ತಿರ, ಎರಡು ಪೊರೆಗಳು ಮುಟ್ಟಿಯೇ ಬಿಡುವ ಬಿಗಿಸಂಧಿ. ಅದರ ಕೆಳಗೆ ಪಟ್ಟಿಯಂತೆ ಕೋಶವನ್ನು ಸುತ್ತುವ ಅಂಟುಸಂಧಿ. ಇನ್ನೂ ಕೆಳಗೆ ಅಲ್ಲಲ್ಲಿ ಗುಂಡಿ ಹಾಕಿದಂತಿರುವ ಡೆಸ್ಮೊಸೋಮ್. ಆರು ದಶಕಗಳ ಸಂಶೋಧನೆ ಈ ಚಿತ್ರಕ್ಕೆ ನೂರಾರು ಪ್ರೋಟೀನುಗಳ ಹೆಸರು ಸೇರಿಸಿದೆ, ಕ್ರಮವನ್ನು ಬದಲಿಸಿಲ್ಲ.

ಕಟ್ಟುವ ಕೆಲಸ ಅಂಟುಸಂಧಿಯಿಂದ ಶುರುವಾಗುತ್ತದೆ. ಜಪಾನಿನ ಮಸಾತೋಶಿ ತಾಕೆಯಿಚಿ 1977ರಲ್ಲಿ ಕೋಶಗಳ ಒಂದು ಬಗೆಯ ಅಂಟಿಕೆಗೆ ಕ್ಯಾಲ್ಸಿಯಂ ಬೇಕೇ ಬೇಕು ಎಂದು ತೋರಿಸಿದರು. ಮುಂದೆ ಅದಕ್ಕೆ ಕಾರಣವಾದ ಪ್ರೋಟೀನಿಗೆ ಕ್ಯಾಡ್‌ಹೆರಿನ್ ಎಂದು ಹೆಸರಿಟ್ಟರು. ಅನುಲೇಪಕ ಕೋಶಗಳಲ್ಲಿರುವುದು ಇ-ಕ್ಯಾಡ್‌ಹೆರಿನ್. ಅದರ ಒಂದು ತುದಿ ಪೊರೆಯಿಂದ ಹೊರಚಾಚಿ ಪಕ್ಕದ ಕೋಶದ ಕ್ಯಾಡ್‌ಹೆರಿನನ್ನು ಹಿಡಿಯುತ್ತದೆ. ಒಳತುದಿ ಕ್ಯಾಟೆನಿನ್ ಎಂಬ ಪ್ರೋಟೀನುಗಳ ಮೂಲಕ ಕೋಶದೊಳಗಿನ ಆಕ್ಟಿನ್ ಎಳೆಗಳಿಗೆ ಕಟ್ಟಿಕೊಳ್ಳುತ್ತದೆ. ಹೊರಚಾಚಿದ ಭಾಗವನ್ನು ನೆಟ್ಟಗೆ ನಿಲ್ಲಿಸುವುದು ಕ್ಯಾಲ್ಸಿಯಂ. ಅದಿಲ್ಲದಿದ್ದರೆ ಹಿಡಿತವೇ ಇಲ್ಲ.

1958ರಲ್ಲಿ ಒಂದು ನಾಯಿಯ ಮೂತ್ರಪಿಂಡದಿಂದ ತೆಗೆದು ಇಂದಿಗೂ ಬೆಳೆಸುತ್ತಿರುವ ಎಂಡಿಸಿಕೆ ಕೋಶಗಳಲ್ಲಿ ಇದನ್ನು ನೇರವಾಗಿ ನೋಡಬಹುದು. ದ್ರವದಿಂದ ಕ್ಯಾಲ್ಸಿಯಂ ತೆಗೆದರೆ ಹಾಳೆ ಬಿಡಿಬಿಡಿಯಾಗಿ ಕೋಶಗಳು ದುಂಡಗಾಗುತ್ತವೆ. ಮತ್ತೆ ಸೇರಿಸಿದರೆ ಅಂಚುಗಳಿಂದ ತೆಳುವಾದ ಚಾಚುಗಳು ಹೊರಟು, ಪಕ್ಕದ ಕೋಶವನ್ನು ಮುಟ್ಟಿ, ಮುಟ್ಟಿದಲ್ಲಿ ಕ್ಯಾಡ್‌ಹೆರಿನ್ ಗುಂಪುಗೂಡುತ್ತದೆ. ಆ ಚುಕ್ಕಿಗಳು ಬೆಳೆದು ಒಂದಕ್ಕೊಂದು ಕೂಡಿ ಪಟ್ಟಿಯಾಗುತ್ತವೆ. ಅದರ ಹಿಂದೆ ಆಕ್ಟಿನ್ ಪಟ್ಟಿ ಬಿಗಿದುಕೊಳ್ಳುತ್ತದೆ. ಆಮೇಲೆಯೇ ಬಿಗಿಸಂಧಿಯ ಪ್ರೋಟೀನುಗಳು ಬಂದು ಮೇಲಿನ ಅಂಚಿನಲ್ಲಿ ನೆಲೆಗೊಳ್ಳುತ್ತವೆ. ಕೆಲವು ಗಂಟೆಗಳಲ್ಲಿ ಸೋರಿಕೆ ನಿಲ್ಲುತ್ತದೆ. ಭ್ರೂಣದಲ್ಲಿಯೂ ಇದೇ ಮೊದಲ ಹೆಜ್ಜೆ: ಇಲಿಯ ಭ್ರೂಣ ಎಂಟು ಕೋಶಗಳಾದಾಗ ಸಡಿಲವಾಗಿದ್ದವು ಇ-ಕ್ಯಾಡ್‌ಹೆರಿನ್ ಬಲದಿಂದ ಒತ್ತಿಕೊಂಡು ಒಂದೇ ಉಂಡೆಯಾಗುತ್ತವೆ. ಈ ಪಟ್ಟಿ ಬರಿಯ ಅಂಟಲ್ಲ ಎಂಬುದು ತಡವಾಗಿ ತಿಳಿಯಿತು. ಎಳೆತ ಹೆಚ್ಚಿದಾಗ ಆಲ್ಫಾ-ಕ್ಯಾಟೆನಿನ್ ಬಿಚ್ಚಿಕೊಂಡು ವಿಂಕ್ಯುಲಿನ್ ಎಂಬ ಇನ್ನೊಂದು ಪ್ರೋಟೀನನ್ನು ನೆರವಿಗೆ ಕರೆಯುತ್ತದೆ ಎಂದು 2010ರ ಹೊತ್ತಿಗೆ ಗೊತ್ತಾಯಿತು. ಎಳೆದಷ್ಟೂ ಹಿಡಿತ ಬಲವಾಗುತ್ತದೆ.

ಇ-ಕ್ಯಾಡ್‌ಹೆರಿನ್ ಕೈಕೊಟ್ಟರೆ ಕೋಶಗಳು ಹಾಳೆಯನ್ನು ಬಿಟ್ಟು ಅಲೆಯತೊಡಗುತ್ತವೆ. ನ್ಯೂಜಿಲೆಂಡಿನ ಮಾವೊರಿ ಕುಟುಂಬಗಳಲ್ಲಿ ತಲೆಮಾರುಗಳಿಂದ ಬರುತ್ತಿದ್ದ ಜಠರದ ಕ್ಯಾನ್ಸರಿಗೆ ಈ ಪ್ರೋಟೀನಿನ ಜೀನ್‌ನಲ್ಲಿನ ದೋಷವೇ ಕಾರಣ ಎಂದು 1998ರಲ್ಲಿ ಗೊತ್ತಾಯಿತು.

ಸೋರಿಕೆಯನ್ನು ನಿಜವಾಗಿ ತಡೆಯುವುದು ಬಿಗಿಸಂಧಿ. ಅದರ ಪ್ರೋಟೀನುಗಳನ್ನು ಹುಡುಕಿದವರು ಶೋಇಚಿರೊ ತ್ಸುಕಿತಾ ಮತ್ತು ಮಿಕಿಯೊ ಫುರುಸೆ ಅವರ ಜಪಾನಿ ತಂಡ: 1993ರಲ್ಲಿ ಆಕ್ಲೂಡಿನ್, 1998ರಲ್ಲಿ ಕ್ಲಾಡಿನ್. ಕ್ಲಾಡಿನ್ ಬಂದ ಮೇಲೆ ಆಕ್ಲೂಡಿನ್ ಎರಡನೆಯ ಸ್ಥಾನಕ್ಕೆ ಸರಿಯಿತು. ಅದಿಲ್ಲದ ಇಲಿಗಳಲ್ಲೂ ಬಿಗಿಸಂಧಿ ಕಟ್ಟಿಕೊಳ್ಳುತ್ತದೆ. ಕ್ಲಾಡಿನ್‌ಗಳು ಪೊರೆಯಲ್ಲಿ ಸಾಲಾಗಿ ನಿಂತು ಎಳೆಗಳಾಗಿ, ಎಳೆಗಳು ಜಾಲವಾಗಿ ಕೋಶದ ಕೊರಳನ್ನು ಸುತ್ತುವರಿಯುತ್ತವೆ. ಕೊಡಗಿನ ಹಳೆಯ ಕಡಂಗಗಳನ್ನು ಬಲ್ಲವರಿಗೆ ಇದರ ಸ್ವರೂಪ ಸುಲಭವಾಗಿ ತಿಳಿದೀತು: ಗುಡ್ಡ ಗದ್ದೆಗಳ ನಡುವೆ ದೂರದೂರಕ್ಕೆ ಸಾಗುವ ಆ ಕಂದಕ-ದಿಬ್ಬಗಳು ಎಲ್ಲೆಯನ್ನು ಎಲ್ಲಿಯೂ ಕಡಿಯದೆ ಎಳೆದಿದ್ದವು, ಆದರೆ ದಾಟಲು ಗೊತ್ತಾದ ಜಾಗಗಳೂ ಇದ್ದವು. ಬಿಗಿಸಂಧಿಯ ದಾರಿಗಳನ್ನು ನಿರ್ಧರಿಸುವುದು ಅಲ್ಲಿರುವ ಕ್ಲಾಡಿನ್ ಯಾವುದು ಎಂಬುದು. ಸಸ್ತನಿಗಳಲ್ಲಿ ಸುಮಾರು 27 ಬಗೆಯ ಕ್ಲಾಡಿನ್‌ಗಳಿವೆ. ಕ್ಲಾಡಿನ್-2 ಇರುವಲ್ಲಿ ಸೋಡಿಯಂ ಮತ್ತು ನೀರು ಸಂದಿನಲ್ಲಿಯೇ ಹರಿಯುತ್ತವೆ. ಮೂತ್ರಪಿಂಡದಲ್ಲಿ ಮೆಗ್ನೀಸಿಯಂ ಮರಳಿ ಹೀರಿಕೊಳ್ಳಲು ಬೇಕಾದದ್ದು ಕ್ಲಾಡಿನ್-16. ಅದರ ದೋಷದಿಂದ ಮಕ್ಕಳು ಮೂತ್ರದಲ್ಲಿ ಮೆಗ್ನೀಸಿಯಂ ಕಳೆದುಕೊಳ್ಳುತ್ತಾರೆ ಎಂದು 1999ರಲ್ಲಿ ಗೊತ್ತಾಯಿತು. ಕ್ಲಾಡಿನ್-1 ಇಲ್ಲದೆ ಹುಟ್ಟಿದ ಇಲಿಮರಿಗಳು ಚರ್ಮದ ಮೂಲಕ ನೀರು ಆರಿ, ಸುಕ್ಕುಗಟ್ಟಿ, ಒಂದು ದಿನದೊಳಗೆ ಸತ್ತದ್ದು 2002ರ ವರದಿ.

ಬಿಗಿತವನ್ನು ಅಳೆಯಲು ಅಂಗಾಂಶದ ವಿದ್ಯುತ್ ತಡೆಯನ್ನು ನೋಡುತ್ತಾರೆ. ಮೂತ್ರಪಿಂಡದ ನಳಿಕೆಯ ಮೊದಲ ಭಾಗದಲ್ಲಿ ಚದರ ಸೆಂಟಿಮೀಟರಿನ ಲೆಕ್ಕದಲ್ಲಿ ಅದು ಕೆಲವೇ ಓಮ್. ಮೂತ್ರಕೋಶದಲ್ಲಿ ಹತ್ತಾರು ಸಾವಿರ. ಎರಡೂ ಆರೋಗ್ಯವಂತ ಅಂಗಾಂಶಗಳೇ. ದಿನಕ್ಕೆ ನೂರಕ್ಕೂ ಹೆಚ್ಚು ಲೀಟರ್ ದ್ರವವನ್ನು ಸಂಭಾಳಿಸುವ ನಳಿಕೆ ಸೋರಲೇಬೇಕು, ಮೂತ್ರವನ್ನು ಕೂಡಿಡುವ ಚೀಲ ಸೋರಲೇಬಾರದು. ಈ ಅಳತೆಯ ಶಾಸ್ತ್ರಕ್ಕೆ ಅಡಿಪಾಯ ಹಾಕಿದ್ದು ಕಪ್ಪೆಯ ಚರ್ಮ. ಡೆನ್ಮಾರ್ಕಿನ ಹಾನ್ಸ್ ಉಸಿಂಗ್ ಮತ್ತು ಜೆರಾನ್ 1951ರಲ್ಲಿ ಎರಡು ಗಾಜಿನ ಅರೆಗಳ ನಡುವೆ ಕಪ್ಪೆಯ ಚರ್ಮವನ್ನು ಬಿಗಿದು, ಅದು ಸೋಡಿಯಂ ಅನ್ನು ಹೊರಗಿನಿಂದ ಒಳಕ್ಕೆ ಪಂಪು ಮಾಡುವುದನ್ನು ವಿದ್ಯುತ್ತಿನಿಂದಲೇ ಅಳೆದರು. ಕೊಡಗಿನ ತೊರೆ, ಗದ್ದೆಗಳ ಕಪ್ಪೆಗಳು ಲವಣ ತೀರ ಕಡಿಮೆಯಿರುವ ಮಳೆನೀರಿನಲ್ಲಿ ತಿಂಗಳುಗಟ್ಟಲೆ ಕೂತರೂ ಉಪ್ಪು ಕಳೆದುಕೊಳ್ಳದೆ ಬದುಕುವುದು ಈ ಬಿಗಿ ಚರ್ಮದಿಂದ.

ಬಿಗಿಸಂಧಿಗೆ ಇನ್ನೊಂದು ಕೆಲಸವೂ ಇದೆ: ಕೋಶದ ಮೇಲ್ಮೈ ಪ್ರೋಟೀನುಗಳು ಪಕ್ಕಕ್ಕೆ, ಪಕ್ಕದವು ಮೇಲಕ್ಕೆ ಸರಿಯದಂತೆ ನೋಡಿಕೊಳ್ಳುವುದು. ಕರುಳಿನ ಕೋಶ ಸಕ್ಕರೆಯನ್ನು ಮೇಲಿನಿಂದ ಹೀರಿ ಕೆಳಗಿನಿಂದ ರಕ್ತಕ್ಕೆ ಬಿಡಬೇಕಾದರೆ ಈ ಮೇಲು-ಕೆಳಗಿನ ವ್ಯತ್ಯಾಸ ಬೇಕು.

ಡೆಸ್ಮೊಸೋಮ್ ಸೋರಿಕೆಯ ವಿಷಯಕ್ಕೆ ಹೋಗುವುದಿಲ್ಲ. ಹರಿಯದಂತೆ ಹಿಡಿಯುವುದು ಅದರ ಕೆಲಸ. ಕ್ಯಾಡ್‌ಹೆರಿನ್ ಕುಲಕ್ಕೇ ಸೇರಿದ ಡೆಸ್ಮೊಗ್ಲೀನ್, ಡೆಸ್ಮೊಕೊಲಿನ್‌ಗಳು ಕೋಶದಾಚೆ ಹಿಡಿದುಕೊಂಡರೆ, ಒಳಗೆ ಡೆಸ್ಮೊಪ್ಲಾಕಿನ್ ಅವನ್ನು ಕೆರಾಟಿನ್ ಹುರಿಗಳಿಗೆ ಕಟ್ಟುತ್ತದೆ. ಹೀಗೆ ಕೋಶದಿಂದ ಕೋಶಕ್ಕೆ ಕೆರಾಟಿನ್ ಬಲೆ ಮುಂದುವರಿಯುತ್ತದೆ. ಗುದ್ದಲಿ, ಕತ್ತಿ ಹಿಡಿದ ಅಂಗೈ ದಿನವಿಡೀ ಉಜ್ಜಿದರೂ ಸುಲಿಯದಿರುವುದು ಇದರಿಂದ. ಇದು ಕಡಿದಾಗ ಏನಾಗುತ್ತದೆ ಎಂಬುದಕ್ಕೆ ಪೆಂಫಿಗಸ್ ಎಂಬ ಕಾಯಿಲೆ ಸಾಕ್ಷಿ. ರೋಗಿಯ ರಕ್ಷಣಾ ವ್ಯವಸ್ಥೆಯೇ ಡೆಸ್ಮೊಗ್ಲೀನ್ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಮೊದಲು ಬಾಯಲ್ಲಿ ಹುಣ್ಣು, ಆಮೇಲೆ ಮುಟ್ಟಿದರೆ ಒಡೆಯುವ ಸಡಿಲ ಬೊಬ್ಬೆ. ಒಂದು ಕಾಲದಲ್ಲಿ ಇದು ಬಹುತೇಕ ಮಾರಣಾಂತಿಕ. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಜೆ. ಎಸ್. ಪಸ್ರಿಚಾ ಮತ್ತು ರಾಮ್‌ಜಿ ಗುಪ್ತಾ ರೂಪಿಸಿದ, ಡೆಕ್ಸಾಮೆಥಸೋನ್ ಮತ್ತು ಸೈಕ್ಲೊಫಾಸ್ಫಮೈಡ್‌ಗಳನ್ನು ತಿಂಗಳಿಗೊಮ್ಮೆ ಹೆಚ್ಚಿನ ಪ್ರಮಾಣದಲ್ಲಿ ನೀಡುವ ಕ್ರಮ ಭಾರತದಾದ್ಯಂತ ರೋಗಿಗಳನ್ನು ಉಳಿಸಿತು. ಮಳೆಗಾಲದಲ್ಲಿ ಮಕ್ಕಳ ಮೈಮೇಲೆ ಏಳುವ ಕೀವುಗುಳ್ಳೆಗಳಲ್ಲೂ ಇದೇ ಕಥೆ ಸಣ್ಣ ರೂಪದಲ್ಲಿ ನಡೆಯುತ್ತದೆ. ಸ್ಟಫಿಲೊಕಾಕಸ್ ಬ್ಯಾಕ್ಟೀರಿಯಾದ ಕೆಲವು ತಳಿಗಳು ಹೊರಹಾಕುವ ಕಿಣ್ವ ಡೆಸ್ಮೊಗ್ಲೀನ್-1 ಅನ್ನು ಮಾತ್ರ ಕತ್ತರಿಸುತ್ತದೆ ಎಂದು 2000ದಲ್ಲಿ ಜಪಾನಿನ ಮಸಾಯುಕಿ ಅಮಗಾಯಿ ತಂಡ ತೋರಿಸಿತು. ಪೆಂಫಿಗಸ್‌ನ ಒಂದು ಬಗೆಯ ಪ್ರತಿಕಾಯ ಮತ್ತು ಒಂದು ಬ್ಯಾಕ್ಟೀರಿಯಾ, ಬೇರೆ ಬೇರೆ ದಾರಿಯಿಂದ ಬಂದು ಒಂದೇ ಅಣುವನ್ನು ಹಿಡಿದದ್ದು ಈ ಕ್ಷೇತ್ರದ ಅತ್ಯಂತ ಸೊಗಸಾದ ಪುರಾವೆಗಳಲ್ಲೊಂದು.

ಗ್ಯಾಪ್ ಜಂಕ್ಷನ್ ಎಂಬ ಇನ್ನೊಂದು ಬಗೆಯ ಸಂಧಿ ತಡೆಯುವುದಿಲ್ಲ, ಕೂಡಿಸುತ್ತದೆ. ಆರು ಕನೆಕ್ಸಿನ್‌ಗಳು ಸೇರಿ ಅರ್ಧ ಕೊಳವೆಯಾಗಿ, ಪಕ್ಕದ ಕೋಶದ ಅರ್ಧ ಕೊಳವೆಗೆ ಜೋಡಿಕೊಂಡು, ಸಣ್ಣ ಅಣುಗಳು ಕೋಶದಿಂದ ಕೋಶಕ್ಕೆ ದಾಟಲು ದಾರಿಯಾಗುತ್ತದೆ. ಕಿವಿಯ ಒಳಭಾಗದಲ್ಲಿ ಪೊಟ್ಯಾಸಿಯಂ ಸುತ್ತುವುದು ಈ ದಾರಿಯಲ್ಲಿ. ಕನೆಕ್ಸಿನ್-26ರ ಜೀನ್ ಕೆಟ್ಟರೆ ಮಗು ಹುಟ್ಟು ಕಿವುಡಾಗುತ್ತದೆ. ಈ ಜೀನಿನಲ್ಲಿ ಭಾರತೀಯರಲ್ಲಿ ಹೆಚ್ಚಾಗಿ ಕಾಣುವ ದೋಷ ಡಬ್ಲ್ಯು24ಎಕ್ಸ್: 24ನೆಯ ಸ್ಥಾನದಲ್ಲಿಯೇ ಪ್ರೋಟೀನಿನ ತಯಾರಿ ನಿಂತುಬಿಡುತ್ತದೆ. ಇದು ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಿವುಡು. ಹತ್ತಿರದ ನೆಂಟಸ್ತಿಕೆಯ ಮದುವೆಗಳು ಹೆಚ್ಚಿರುವ ದಕ್ಷಿಣ ಕರ್ನಾಟಕದಲ್ಲಿ ಆ ಸಂಭವ ಹೆಚ್ಚು. ಕೊಡಗಿನ ಮಕ್ಕಳಿಗೆ ಹತ್ತಿರದ ದೊಡ್ಡ ಶ್ರವಣ ಪರೀಕ್ಷಾ ಕೇಂದ್ರ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ದೋಷವಿದ್ದರೂ ಬೇಗ ಪತ್ತೆಯಾದರೆ ಕಾಕ್ಲಿಯರ್ ಇಂಪ್ಲಾಂಟ್‌ನಿಂದ ಮಾತು ಕಲಿಸಬಹುದು.

ಹಾಳೆಯ ಅಡಿಭಾಗದಲ್ಲಿ ಆಧಾರ ಪೊರೆ. ಕೋಶಗಳು ಅದಕ್ಕೆ ಇಂಟೆಗ್ರಿನ್ ಎಂಬ ಪ್ರೋಟೀನುಗಳಿಂದ ಅಂಟಿಕೊಳ್ಳುತ್ತವೆ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಪ್ರಯೋಗಾಲಯ ನಡೆಸಿದ ಶ್ರೀಕಲಾ ರಾಘವನ್, ಅದಕ್ಕೂ ಮೊದಲು ಅಮೆರಿಕದ ಚರ್ಮ ಸಂಶೋಧಕಿ ಎಲೇನ್ ಫುಕ್ಸ್ ಅವರ ಜೊತೆಗಿದ್ದಾಗ, ಚರ್ಮದಲ್ಲಿ ಬೀಟಾ-1 ಇಂಟೆಗ್ರಿನ್ ಇಲ್ಲದಂತೆ ಮಾಡಿದರೆ ಆಧಾರ ಪೊರೆಯೇ ಸರಿಯಾಗಿ ಕೂಡಿಕೊಳ್ಳುವುದಿಲ್ಲ ಎಂದು 2000ದಲ್ಲಿ ತೋರಿಸಿದ್ದರು. ಕೋಶ ಪೊರೆಯ ಮೇಲೆ ಕೂರುವುದಷ್ಟೇ ಅಲ್ಲ, ಅದನ್ನು ಕಟ್ಟುವುದರಲ್ಲೂ ಪಾಲುದಾರ.

ಕೊಡಗಿನಲ್ಲಿ ಈ ಆಧಾರ ಪೊರೆಯನ್ನು ಹುಡುಕಿಕೊಂಡು ಬರುವುದು ಗುಳಿಮಂಡಲದ ವಿಷ. ಕಾಫಿ ಗಿಡ, ಏಲಕ್ಕಿ ಹಿಂಡಿಲುಗಳ ನಡುವೆ ಕೂರುವ ಮಲಬಾರ್ ಗುಳಿಮಂಡಲ ಮತ್ತು ತರಗೆಲೆಯ ಬಣ್ಣದ ಗೂನುಮೂಗಿನ ಗುಳಿಮಂಡಲಗಳ ವಿಷದಲ್ಲಿ ಲೋಹವನ್ನು ಆಧರಿಸಿದ ಪ್ರೋಟೀನ್-ಭಂಜಕ ಕಿಣ್ವಗಳಿವೆ. ಈ ಬಗೆಯ ಕಿಣ್ವಗಳು ಆಧಾರ ಪೊರೆಯ ನಾಲ್ಕನೆಯ ಬಗೆಯ ಕೊಲ್ಲಾಜನ್ನನ್ನು ತುಂಡರಿಸುತ್ತವೆ. ಮೇಲ್ಚರ್ಮ ಬಿಟ್ಟು ಬೊಬ್ಬೆ ಏಳುತ್ತದೆ, ರಕ್ತನಾಳದ ಗೋಡೆ ಬಿರಿದು ರಕ್ತ ಸೋರುತ್ತದೆ. ಮಲಬಾರ್ ಗುಳಿಮಂಡಲದ ವಿಷ ಸ್ನಾಯುವನ್ನು ಕೊಳೆಸುವುದರಲ್ಲಿ ಈ ಕಿಣ್ವಗಳ ಪಾತ್ರವನ್ನು ಮೈಸೂರು ವಿಶ್ವವಿದ್ಯಾನಿಲಯದ ಜೀವರಸಾಯನ ಸಂಶೋಧಕರು 2006ರಲ್ಲಿ ಪ್ರಕಟಿಸಿದರು. ಭಾರತದಲ್ಲಿ ತಯಾರಾಗುವ ಪ್ರತಿವಿಷ ನಾಗರ, ಕಟ್ಟು, ಕೊಳಕುಮಂಡಲ ಮತ್ತು ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಗೂನುಮೂಗಿನ ಗುಳಿಮಂಡಲದ ಕಡಿತಕ್ಕೆ ಅದು ಫಲಿಸುವುದಿಲ್ಲ ಎಂದು 2007ರಲ್ಲಿಯೇ ಕೇರಳದ ವೈದ್ಯರು ವರದಿ ಮಾಡಿದ್ದಾರೆ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಪಶ್ಚಿಮಘಟ್ಟದ ಗುಳಿಮಂಡಲಗಳಿಗೆ ಬೇರೆ ಪ್ರತಿವಿಷ ಬರುವವರೆಗೆ ಆ ಲೆಕ್ಕದ ಪ್ರಯೋಜನ ಅರ್ಧ ಮಾತ್ರ.

ಜಿಗಣೆಯ ಕೆಲಸ ಇದಕ್ಕಿಂತ ನಯವಾದದ್ದು. ಮೂರು ದವಡೆಗಳಿಂದ ಚರ್ಮವನ್ನು ಸೀಳಿ, ಜೊಲ್ಲಿನಿಂದ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ಭಾರತದ ನೆಲಜಿಗಣೆಯಿಂದ ಪ್ರತ್ಯೇಕಿಸಿದ ಹೀಮಾಡಿನ್ ಎಂಬ ಪ್ರೋಟೀನ್ ಥ್ರಾಂಬಿನ್ ಕಿಣ್ವವನ್ನು ಕಟ್ಟಿಹಾಕುತ್ತದೆ ಎಂದು 1993ರಲ್ಲಿ ತಿಳಿಯಿತು. ಸಂಧಿಗಳ ದೃಷ್ಟಿಯಿಂದ ಇಲ್ಲಿ ಹೆಚ್ಚಿನದೇನೂ ಇಲ್ಲ. ಆದರೆ ಗಾಯ ಮುಚ್ಚದೆ ಸೋರುತ್ತಿರುವಷ್ಟು ಹೊತ್ತು, ಆ ತೂತು ಬೇರೆ ರೋಗಾಣುಗಳಿಗೂ ತೆರೆದಿರುತ್ತದೆ.

ಹಾಗೆ ಕಾಯುವ ರೋಗಾಣುಗಳಲ್ಲಿ ಮುಖ್ಯವಾದದ್ದು ಇಲಿ ಜ್ವರದ ಲೆಪ್ಟೊಸ್ಪೈರಾ. ಅದಕ್ಕೆ ಮೊದಲು ಚರ್ಮದ ಹೊರಪದರವನ್ನು ನೋಡಬೇಕು. ಸತ್ತ, ಚಪ್ಪಟೆಯಾದ, ಕೆರಾಟಿನ್ ತುಂಬಿದ ಕೋಶಗಳ ಈ ಪದರ ಮೈಯ ಹೆಚ್ಚಿನ ಭಾಗಗಳಲ್ಲಿ ಕೇವಲ 10–20 ಮೈಕ್ರೊಮೀಟರ್ ದಪ್ಪ. ಕೋಶಗಳ ನಡುವೆ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನ ಆಮ್ಲಗಳ ಪದರಗಳು. ಅವೇ ನೀರನ್ನು ತಡೆಯುತ್ತವೆ. ಬದಲಾದ ಡೆಸ್ಮೊಸೋಮ್‌ಗಳು ಇಲ್ಲಿಯೂ ಕೋಶಗಳನ್ನು ಹಿಡಿದಿರುತ್ತವೆ. ಕಿಣ್ವಗಳು ಅವನ್ನು ನಿಧಾನವಾಗಿ ಕಡಿಯುತ್ತ ಹೋಗುವುದರಿಂದ ಚರ್ಮ ಪ್ರತಿದಿನ ಸ್ವಲ್ಪಸ್ವಲ್ಪವಾಗಿ ಉದುರುತ್ತದೆ. ಈ ಪದರದ ಕೆಳಗೆ ಬಿಗಿಸಂಧಿಯ ಇನ್ನೊಂದು ತಡೆ. ಕಾವಲಿನ ಲ್ಯಾಂಗರ್‌ಹಾನ್ಸ್ ಕೋಶಗಳು ತಮ್ಮ ಚಾಚುಗಳನ್ನು ಆ ಬಿಗಿಸಂಧಿಯ ಮೂಲಕವೇ ಮೇಲಕ್ಕೆ ತೂರಿಸಿ, ಸುತ್ತ ಹೊಸ ಸಂಧಿ ಕಟ್ಟಿಕೊಂಡು, ತಡೆ ಒಡೆಯದಂತೆ ಹೊರಗಿನದನ್ನು ತಡವಿ ನೋಡುತ್ತವೆ ಎಂಬುದು 2009ರ ಶೋಧ.

ನಾಟಿಯ ದಿನಗಳಲ್ಲಿ, ಜೂನ್ ಕೊನೆಯಿಂದ ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತ ಹಬ್ಬದ ಹೊತ್ತಿನವರೆಗೆ, ಗದ್ದೆಯಲ್ಲಿ ನಿಂತವರ ಕಾಲು ಗಂಟೆಗಟ್ಟಲೆ ಕೆಸರುನೀರಿನಲ್ಲಿರುತ್ತದೆ. ಸತ್ತ ಕೋಶಗಳು ನೀರು ಕುಡಿದು ಹಲವು ಪಟ್ಟು ಊದುತ್ತವೆ, ನಡುವಿನ ಕೊಬ್ಬಿನ ಪದರಗಳು ಅಸ್ತವ್ಯಸ್ತವಾಗುತ್ತವೆ, ಡೆಸ್ಮೊಸೋಮ್‌ಗಳು ಬೇಗ ಕಳಚುತ್ತವೆ. ಬೆರಳ ಸಂದು ಬೆಳ್ಳಗಾಗಿ ಬಿರಿಯುತ್ತದೆ. ವಿಯೆಟ್ನಾಂ ಯುದ್ಧದಲ್ಲಿ ಭತ್ತದ ಗದ್ದೆಗಳಲ್ಲಿ ನಡೆದ ಅಮೆರಿಕನ್ ಸೈನಿಕರ ಕಾಲುಗಳಲ್ಲಿ ಇದೇ ತೊಂದರೆಯನ್ನು ಸೇನಾ ವೈದ್ಯರು ವಿವರವಾಗಿ ದಾಖಲಿಸಿದ್ದಾರೆ. ಮಲೆನಾಡಿನ ರೈತ ಹೆಂಗಸರಿಗೆ ಅದು ಪ್ರತಿ ವರ್ಷದ ಮಾತು. ಇಲಿಯ ಮೂತ್ರದಿಂದ ಗದ್ದೆಗೆ ಬಂದ ಲೆಪ್ಟೊಸ್ಪೈರಾ ಹೀಗೆ ಸಡಿಲವಾದ ಚರ್ಮದಿಂದ, ಗೀರುಗಳಿಂದ, ಕಣ್ಣು ಬಾಯಿಗಳ ತೇವದ ಪೊರೆಯಿಂದ ಒಳಗೆ ಹೋಗುತ್ತದೆ. ಅದು ಅನುಲೇಪಕ ಹಾಳೆಯನ್ನು ದಾಟುವ ಬಗೆಯ ಬಗ್ಗೆ ಅಭಿಪ್ರಾಯ ಒಂದೇ ಇಲ್ಲ. ಎಂಡಿಸಿಕೆ ಕೋಶಗಳ ಹಾಳೆಯನ್ನು ಅದು ಬಿಗಿಸಂಧಿ ಒಡೆಯದೆ, ಕೋಶದ ಮೂಲಕವೇ ವೇಗವಾಗಿ ದಾಟುತ್ತದೆ ಎಂದು 2002ರ ಪ್ರಯೋಗ ಹೇಳಿತು. 2021ರಲ್ಲಿ ಜಪಾನಿನ ಸಂಶೋಧಕರು ಮೂತ್ರಪಿಂಡದ ನಳಿಕೆಯ ಕೋಶಗಳಲ್ಲಿ ಮೇಲಿನ ಸಂಧಿಗಳೇ ಕಳಚುವುದನ್ನು ಕಂಡರು. ಎರಡೂ ನಿಜವಿರಬಹುದು: ಪ್ರವೇಶದ ಹೊತ್ತಿಗೆ ಒಂದು ದಾರಿ, ಮೂತ್ರಪಿಂಡದಲ್ಲಿ ನೆಲೆಗೊಂಡ ಮೇಲೆ ಇನ್ನೊಂದು.

ಮಳೆ ಮನೆಯೊಳಗೂ ಬರುತ್ತದೆ. ಕಂಬಳಿ, ಹಾಸಿಗೆಗಳಲ್ಲಿ ತೇವ ಹೆಚ್ಚಿದಷ್ಟೂ ದೂಳಿನ ನುಸಿ ಹೆಚ್ಚುತ್ತದೆ. ಅದರ ಹಿಕ್ಕೆಯಲ್ಲಿರುವ ಡರ್-ಪಿ-1 ಎಂಬ ಕಿಣ್ವ ಶ್ವಾಸನಾಳದ ಕೋಶಗಳ ನಡುವಿನ ಆಕ್ಲೂಡಿನ್ ಅನ್ನು ಕತ್ತರಿಸಿ ಬಿಗಿಸಂಧಿಯನ್ನು ತೆರೆಯುತ್ತದೆ ಎಂದು 1999ರಲ್ಲಿ ಬ್ರಿಟನ್ನಿನ ತಂಡವೊಂದು ತೋರಿಸಿತು. ಅಲರ್ಜಿ ತರುವ ವಸ್ತುವೇ ತನ್ನ ಬಾಗಿಲನ್ನು ತಾನೇ ತೆರೆದುಕೊಳ್ಳುವುದರಿಂದ ಉಬ್ಬಸವನ್ನು ಬರಿಯ ರಕ್ಷಣಾ ವ್ಯವಸ್ಥೆಯ ಅತಿರೇಕ ಎನ್ನುತ್ತಿದ್ದ ವಿವರಣೆ ಆಮೇಲೆ ಬದಲಾಯಿತು.

ಕರುಳಿನ ವಿಷಯದಲ್ಲಿ ಹೇಳಬೇಕಾದದ್ದು ಹೆಚ್ಚು, ಹೇಳಲಾಗುತ್ತಿರುವುದು ಇನ್ನೂ ಹೆಚ್ಚು. ಇಲ್ಲಿ ಒಂದೇ ಸಾಲಿನ ಕೋಶಗಳು ಕೋಟ್ಯಂತರ ಬ್ಯಾಕ್ಟೀರಿಯಾಗಳಿಂದ ರಕ್ತವನ್ನು ಬೇರ್ಪಡಿಸಿರುತ್ತವೆ. ಬಿಗಿಸಂಧಿಯ ಹಿಂದಿನ ಆಕ್ಟಿನ್ ಪಟ್ಟಿಯನ್ನು ಮಯೋಸಿನ್ ಎಳೆದರೆ ಸಂದು ಸಡಿಲವಾಗುತ್ತದೆ. ಊಟವಾದ ಮೇಲೆ ಸ್ವಲ್ಪ ಮಟ್ಟಿಗೆ, ಉರಿಯೂತದಲ್ಲಿ ಹೆಚ್ಚಾಗಿ. ರೋಟಾವೈರಸ್ಸಿನ ವಿಪಿ8 ಪ್ರೋಟೀನ್ ಬಿಗಿಸಂಧಿಯನ್ನು ತೆರೆಯುತ್ತದೆ ಎಂದು 2004ರಲ್ಲಿ ಮೆಕ್ಸಿಕೊದ ತಂಡ ಕಂಡುಕೊಂಡಿತು. ಈ ವೈರಸ್ ಸೋಂಕಿದರೂ ಭೇದಿಯಾಗದ ನವಜಾತ ಶಿಶುಗಳನ್ನು ಬೆಂಗಳೂರಿನಲ್ಲಿ ಗುರುತಿಸಿ, ಅವರಿಂದ ಐ321 ತಳಿಯನ್ನು ಪ್ರತ್ಯೇಕಿಸಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ಸಂಗಡಿಗರು. ದೆಹಲಿಯಲ್ಲಿ ಸಿಕ್ಕ ಅಂಥದೇ ತಳಿ 116ಇ ಮುಂದೆ ರೋಟಾವ್ಯಾಕ್ ಲಸಿಕೆಯಾಯಿತು.

ಕೊಡಗಿನ ಅಡುಗೆಯೂ ಈ ಚರ್ಚೆಗೆ ಬರುತ್ತದೆ. ಪರಂಗಿ ಮಾಲು ಎಂಬ ಸೂಜಿಮೆಣಸಿನ ಕ್ಯಾಪ್ಸೈಸಿನ್ ಕರುಳಿನ ಕೋಶಗಳ ಹಾಳೆಯಲ್ಲಿ ಬಿಗಿಸಂಧಿಯನ್ನು ತಾತ್ಕಾಲಿಕವಾಗಿ ತೆರೆಯುತ್ತದೆ, ಸ್ವಲ್ಪ ಹೊತ್ತಿಗೆ ಅದು ಮೊದಲಿನಂತಾಗುತ್ತದೆ ಎಂದು 2013ರಲ್ಲಿ ಜಪಾನಿನ ಸಂಶೋಧಕರು ಬರೆದರು. ತೋಟದ ಕರಿಮೆಣಸಿನ ಪೈಪರಿನ್ ಬಗ್ಗೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಉಷಾ ಪ್ರಕಾಶ್ ಮತ್ತು ಕೆ. ಶ್ರೀನಿವಾಸನ್ 2010ರಲ್ಲಿ ವರದಿ ಮಾಡಿದ್ದು ಬೇರೆಯೇ: ಇಲಿಗಳಿಗೆ ತಿನ್ನಿಸಿದಾಗ ಕರುಳ ಕೋಶಗಳ ಮೇಲಿನ ಎಳೆಗಳು ಉದ್ದವಾಗಿ, ಪೊರೆ ಹೆಚ್ಚು ದ್ರವಗುಣ ಪಡೆಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ 1998ರ ಅಧ್ಯಯನದಲ್ಲಿ ಅರಿಶಿನದ ಕರ್ಕ್ಯುಮಿನ್ ಜೊತೆ ಪೈಪರಿನ್ ಕೊಟ್ಟಾಗ ಮನುಷ್ಯರಲ್ಲಿ ಅದರ ಲಭ್ಯತೆ 2,000 ಪ್ರತಿಶತ ಹೆಚ್ಚಿತು. ಅದಕ್ಕೆ ಮುಖ್ಯ ಕಾರಣ ಕರ್ಕ್ಯುಮಿನನ್ನು ಬದಲಿಸಿ ಹೊರಹಾಕುವ ಕಿಣ್ವಗಳನ್ನು ಪೈಪರಿನ್ ತಡೆಯುವುದು, ಸಂದು ತೆರೆಯುವುದಲ್ಲ. ಹೀಗೆ ಪಾತ್ರೆಯಲ್ಲಿ ಬೆಳೆಸಿದ ಕೋಶ, ಇಲಿ, ಮನುಷ್ಯ ಈ ಮೂರನ್ನೂ ಬೆರೆಸಿ 'ಸೋರುವ ಕರುಳು' ಎಂಬ ಹೆಸರಿನಲ್ಲಿ ಪುಡಿ, ಗುಳಿಗೆಗಳನ್ನು ಮಾರುವವರ ಮಾತಿಗೆ ಆಧಾರ ತೀರ ತೆಳು. ಕರುಳಿನ ತಡೆ ನಿಜವಾಗಿ ದುರ್ಬಲವಾಗುವುದು ಕೊಳಕು ನೀರು ಮತ್ತು ಪದೇಪದೇ ಬರುವ ಸೋಂಕಿನಿಂದ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಬೇಕರ್ ಮತ್ತು ಮಥಾನ್ ದಕ್ಷಿಣ ಭಾರತದ ಹಳ್ಳಿಗರ ಕರುಳಿನಲ್ಲಿ ಇಂಥ ಬದಲಾವಣೆಯನ್ನು 1970ರ ದಶಕದ ಆರಂಭದಲ್ಲಿಯೇ ವಿವರಿಸಿದರು. ಆದರೆ ಬಾಂಗ್ಲಾದೇಶ, ಕೆನ್ಯಾ, ಜಿಂಬಾಬ್ವೆಯಲ್ಲಿ ನಡೆದು 2018–19ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳಲ್ಲಿ, ಮನೆಮಟ್ಟದ ಶೌಚಾಲಯ, ಕೈತೊಳೆಯುವಿಕೆ, ನೀರಿನ ಶುದ್ಧೀಕರಣಗಳಿಂದ ಮಕ್ಕಳ ಎತ್ತರದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೊಡಗಿನ ತೋಟದ ಕಾರ್ಮಿಕರ ಲೈನ್ ಮನೆಗಳಿಗೂ ಆದಿವಾಸಿ ಹಾಡಿಗಳಿಗೂ ಬೇಕಾದದ್ದು ಅದಕ್ಕಿಂತ ದೊಡ್ಡ ಮಟ್ಟದ ಶುದ್ಧ ನೀರು, ಆಹಾರ.

ಇಷ್ಟು ದಾಳಿಯ ನಡುವೆ ಹಾಳೆ ಉಳಿಯುವುದು ಅದು ತನ್ನನ್ನು ತಾನೇ ಬದಲಿಸಿಕೊಳ್ಳುತ್ತಿರುವುದರಿಂದ. ಕರುಳಿನ ಒಳಪದರ 3ರಿಂದ 5 ದಿನಗಳಲ್ಲಿ, ಮೇಲ್ಚರ್ಮ ಸುಮಾರು ನಾಲ್ಕು ವಾರಗಳಲ್ಲಿ ಹೊಸದಾಗುತ್ತದೆ. ಸಾಯುತ್ತಿರುವ ಕೋಶ ನೆರೆಯವುಗಳಿಗೆ ಸಂಕೇತ ಕಳುಹಿಸುತ್ತದೆ. ಅವು ಅದರ ಬುಡದಲ್ಲಿ ಆಕ್ಟಿನ್ ಉಂಗುರ ಬಿಗಿದು ಅದನ್ನು ಮೇಲಕ್ಕೆ ಒತ್ತಿ ಹೊರಹಾಕಿ, ಅದು ಹೋಗುವ ಮೊದಲೇ ಕೆಳಗೆ ತಮ್ಮತಮ್ಮಲ್ಲಿ ಸಂಧಿ ಕಟ್ಟಿಕೊಳ್ಳುತ್ತವೆ. ಈ ಕ್ರಮ 2001ರಲ್ಲಿ ಗೊತ್ತಾಯಿತು. ಗಾಯವಾದಾಗ ಅಂಚಿನ ಕೋಶಗಳು ಡೆಸ್ಮೊಸೋಮ್‌ಗಳನ್ನು ಸಡಿಲಿಸಿ ಚಲಿಸತೊಡಗುತ್ತವೆ, ಎದುರಿನವು ಸಿಕ್ಕ ಮೇಲೆ ಮತ್ತೆ ನಿಂತು ಬಿಗಿಯುತ್ತವೆ.

ಗಿಡಗಳಿಗೆ ಕ್ಯಾಡ್‌ಹೆರಿನ್ ಇಲ್ಲ, ಕ್ಲಾಡಿನ್ ಇಲ್ಲ. ಕೋಶದ ಗೋಡೆಗಳೇ ಅಂಟಿಕೊಂಡಿರುತ್ತವೆ. ಆದರೂ ಸಂದಿನ ಪ್ರಶ್ನೆ ಅವಕ್ಕೂ ಇದೆ. ಬೇರಿನೊಳಗೆ ನೀರು, ಲವಣಗಳು ಗೋಡೆಗಳ ಉದ್ದಕ್ಕೂ ಜಿನುಗಿ ತಪ್ಪಿಸಿಕೊಳ್ಳದಂತೆ ಒಳಪದರದ ಕೋಶಗಳ ಸುತ್ತ ಲಿಗ್ನಿನ್ ಪಟ್ಟಿಯೊಂದು ಬೆಳೆಯುತ್ತದೆ. 1865ರಲ್ಲಿ ರಾಬರ್ಟ್ ಕಾಸ್ಪರಿ ವಿವರಿಸಿದ ಈ ಪಟ್ಟಿ ಕಾಫಿ ಗಿಡದ ಬೇರಿನಲ್ಲೂ ಬಿಗಿಸಂಧಿಯ ಕೆಲಸವನ್ನೇ ಮಾಡುತ್ತದೆ. ಎಲೆಯ ಮೇಲ್ಮೈ ಮೇಣದ ಹೊದಿಕೆಯಿಂದ ಭದ್ರ. ಕಾಫಿ ಎಲೆಯ ತುಕ್ಕುರೋಗದ ಶಿಲೀಂಧ್ರ ಆ ಹೊದಿಕೆಯನ್ನು ಕೊರೆಯುವ ಗೋಜಿಗೆ ಹೋಗದೆ, ಎಲೆಯ ಅಡಿಯಲ್ಲಿ ಉಸಿರಾಟಕ್ಕೆ ತೆರೆದಿರುವ ಪತ್ರರಂಧ್ರಗಳಿಂದ ಒಳನುಗ್ಗುತ್ತದೆ. ಮುಂಗಾರಿಗೆ ಮೊದಲು ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಎಲೆಯ ಅಡಿಭಾಗಕ್ಕೆ ಬೀಳುವಂತೆ ಸಿಂಪಡಿಸಬೇಕೆಂಬ ಶಿಫಾರಸಿಗೆ ಕಾರಣ ಇದು.

ಗಿಡದ ತಡೆಯನ್ನು ಕಾಯುವ ಸಿಂಪಡಣೆ ಸಿಂಪಡಿಸುವವರ ಚರ್ಮದ ತಡೆಯನ್ನು ಪರೀಕ್ಷೆಗೆ ಒಡ್ಡುತ್ತದೆ. ಸುಣ್ಣದ ತೀವ್ರ ಕ್ಷಾರ ಚರ್ಮದ ಸಹಜ ಆಮ್ಲೀಯ ಗುಣವನ್ನು ಕೆಡಿಸುತ್ತದೆ. ಅರೇಬಿಕಾದ ಕಾಂಡಕೊರಕಕ್ಕೆ ಬಳಸುತ್ತ ಬಂದ ಕ್ಲೋರ್‌ಪೈರಿಫಾಸ್‌ನಂಥ ಆರ್ಗನೊಫಾಸ್ಫೇಟ್‌ಗಳು ಕೊಬ್ಬಿನಲ್ಲಿ ಕರಗುತ್ತವೆ. ನೀರನ್ನು ತಡೆಯುವ ಹೊರಪದರದ ಕೊಬ್ಬೇ ಅವಕ್ಕೆ ದಾರಿ. ಬಿಗಿಸಂಧಿ ಎಷ್ಟು ಗಟ್ಟಿಯಿದ್ದರೂ ಇಲ್ಲಿ ಪ್ರಯೋಜನವಿಲ್ಲ. ಮೈಯ ಎಲ್ಲ ಭಾಗವೂ ಸಮವಾಗಿ ಹೀರುವುದಿಲ್ಲ: ಪ್ಯಾರಾಥಿಯಾನ್ ಮೇಲಿನ 1971ರ ಅಧ್ಯಯನದಲ್ಲಿ ಮುಂದೋಳಿಗಿಂತ ವೃಷಣದ ಚರ್ಮ ಸುಮಾರು 12 ಪಟ್ಟು ಹೀರಿತ್ತು. ಒದ್ದೆಯಾದ ಚಡ್ಡಿ, ಪಂಚೆಯಲ್ಲೇ ಸಂಜೆಯವರೆಗೆ ಕೆಲಸ ಮಾಡುವುದು ಅಪಾಯವಾಗುವುದು ಹೀಗೆ. ಇನ್‌ಸ್ಟೆಮ್‌ನ ಪ್ರವೀಣ್ ಕುಮಾರ್ ವೇಮುಲ ಅವರ ತಂಡ 2018ರಲ್ಲಿ ಪಾಲಿ-ಆಕ್ಸೀಮ್ ಎಂಬ ಲೇಪವನ್ನು ಪ್ರಕಟಿಸಿತು. ಹಚ್ಚಿಕೊಂಡರೆ ಅದು ಕೀಟನಾಶಕ ಚರ್ಮದೊಳಗೆ ಇಳಿಯುವ ಮೊದಲೇ ಅದನ್ನು ಒಡೆಯುತ್ತದೆ. ಇದೇ ತತ್ವವನ್ನು ಬಟ್ಟೆಗೆ ಅಳವಡಿಸಿದ 'ಕಿಸಾನ್ ಕವಚ್' ಉಡುಪು 2024ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಆಗ ಅದರ ಬೆಲೆ ಸುಮಾರು 4,000 ರೂಪಾಯಿ ಇತ್ತು; ಅದನ್ನು ತೊಳೆದು ಮತ್ತೆ ಬಳಸಬಹುದು. ದಿನಗೂಲಿಯ ಸಿಂಪಡಣೆಗಾರ ಅದನ್ನು ತಾನಾಗಿ ಕೊಳ್ಳಲಾರ. ದೇಶದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆಯ ತೋಟದ ಮಾಲೀಕರು ಔಷಧಿಯ ಖರ್ಚಿನ ಜೊತೆಗೇ ಉಡುಪಿನ ಖರ್ಚನ್ನೂ ಸೇರಿಸಿಕೊಳ್ಳಬೇಕು, ಅದು ಸಿಗುವವರೆಗೆ ಉದ್ದ ತೋಳಿನ ಅಂಗಿ, ಗಂಬೂಟು, ಕೆಲಸ ಮುಗಿದ ಕೂಡಲೇ ಸೋಪು ನೀರಿನ ಸ್ನಾನ ತಪ್ಪದಂತೆ ನೋಡಿಕೊಳ್ಳಬೇಕು.